ಮೆಷಿನ್ ಮಲಗಿದೆ

ಮಾರ್ಚ್ ೩, ಸೋಮವಾರ

ರಂಗಮಂದಿರದ ಪರದೆ ಹೊಲಿಯುವ ಕೆಲಸ ಕೊನೆಗೂ ನಮ್ಮ ಅಂಗಡಿಯ ಪಾಲಿಗೇ ಬಂತು. ಬೆಳಗ್ಗೆ ನನ್ನ ತಮ್ಮ ಕಡುನೀಲಿ ವೆಲ್ವೆಟ್ಟಿನ ಸುರುಳಿಗಳನ್ನು ವ್ಯಾನಿನಿಂದ ಒಂದೊಂದಾಗಿ ಹೆಗಲ ಮೇಲೆ ಹೊತ್ತು ತಂದು ಮುಂದಿನ ಕೋಣೆಯಲ್ಲಿ ಒಟ್ಟಿದ. ಈಗ ಕುರ್ಚಿ ಎಲ್ಲಿದೆಯೆಂದು ಕೈಯಾಡಿಸಿ ಹುಡುಕಬೇಕು. ನಾವು ಮನೆಯಲ್ಲಿ ಬಟ್ಟೆ ಇಟ್ಟಿಲ್ಲ, ಬಟ್ಟೆಯಲ್ಲಿ ಮನೆ ಇಟ್ಟಿದ್ದೇವೆ ಎಂದು ಅವನ ತಮಾಷೆ. ನಗು ಬಂತು, ತೋರಿಸಿಕೊಳ್ಳಲಿಲ್ಲ. ಅವನಿಗೆ ಸಲಿಗೆ ಕೊಟ್ಟರೆ ಮಧ್ಯಾಹ್ನದ ತನಕ ಟೀ ಹೀರುತ್ತ ಕೂತುಬಿಡುತ್ತಾನೆ.

ಏಪ್ರಿಲ್ ಒಂಬತ್ತಕ್ಕೆ ಪರದೆ ಮೇಲೇರಬೇಕು, ಹನ್ನೆರಡಕ್ಕೆ ಹೊಸ ನಾಟಕ. ಬೆಳಗಿನಿಂದ ಸಂಜೆಯ ತನಕ ಮೆಷಿನ್ ಒಂದೇ ಸಮ ಓಡಿದರೆ ಆಗದ ಕೆಲಸವೇನಲ್ಲ. ಅಳತೆ ನನ್ನದು, ಹೊಲಿಗೆ ನನ್ನದು, ಏಣಿ ಹತ್ತಿ ತೂಗುಹಾಕುವುದು ಅವನದು. ಅಮ್ಮ ಹೋದ ಮೇಲೆ ಇಷ್ಟು ದೊಡ್ಡ ಕೆಲಸ ಬಂದದ್ದು ಇದೇ ಮೊದಲು.

ಸಂಜೆ ಕಿಟಕಿಯ ಹತ್ತಿರ ಕೂತು ಅಮ್ಮನ ಪ್ರಾರ್ಥನೆ ಹೇಳಿದೆ. ಮಲಗಿದವರಿಗೆಲ್ಲ ನಿದ್ದೆ ಕೊಡು. ನಿದ್ದೆ ಬಾರದವರ ಪಕ್ಕ ಕೂತುಕೋ. ನನ್ನಿಂದ ಯಾರ ನಿದ್ದೆಯೂ ಕೆಡದಂತೆ ನೋಡಿಕೋ. ಮೂರೇ ಮಾತು. ಆದರೆ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳಿದರೆ ಎದೆ ಹಗುರಾಗುತ್ತದೆ. ನನ್ನ ದನಿ ಚೆನ್ನಾಗಿದೆಯೆಂದು ಗುರುವಾರದ ಪ್ರಾರ್ಥನೆಯ ಗುಂಪಿನಲ್ಲಿ ಮೇಷ್ಟ್ರಮ್ಮನೇ ಹೇಳಿದ್ದಾರೆ, ನಾನಾಗಿ ಹೇಳಿಕೊಳ್ಳುತ್ತಿಲ್ಲ. ಮೂರನೇ ಮಾತಿಗೆ ಬಂದಿದ್ದೆ, ಅಷ್ಟರಲ್ಲಿ ಮೇಲಿನವಳು ಟಕಟಕ ಚಪ್ಪಲಿ ಬಡಿಯುತ್ತ ಮೆಟ್ಟಿಲಿಳಿದು ಕೆಲಸಕ್ಕೆ ಹೊರಟಳು. ದಿನಾ ಇದೇ ಹೊತ್ತು. ದೇವರ ಜೊತೆ ಮಾತಾಡುವಾಗ ತಲೆಯ ಮೇಲೆ ಚಪ್ಪಲಿ ಸದ್ದು. ಮಹಡಿಯ ಕೋಣೆಯನ್ನು ಬಾಡಿಗೆಗೆ ಕೊಟ್ಟು ಎರಡು ತಿಂಗಳೂ ಆಗಿಲ್ಲ, ಆಗಲೇ ಸಾಕಾಗಿದೆ.

ನನಗೆ ನಿದ್ದೆಯಿಲ್ಲದಿರುವುದು ಬೇರೆ ಮಾತು. ಅಮ್ಮ ಹೋದಂದಿನಿಂದ ಸರಿಯಾಗಿ ಕಣ್ಣು ಹತ್ತಿಲ್ಲ. ಅದನ್ನು ಯಾರಿಗೂ ಹೇಳಿಕೊಂಡಿಲ್ಲ.

ಮಾರ್ಚ್ ೬, ಗುರುವಾರ

ಗುಂಪಿನವರೆಲ್ಲ ಹನ್ನೊಂದಕ್ಕೆ ಬಂದರು. ವೆಲ್ವೆಟ್ಟಿನ ರಾಶಿಯನ್ನು ಗೋಡೆಗೆ ಒತ್ತರಿಸಿ ಜಾಗ ಮಾಡಿದೆ. ಇವತ್ತು ನಿದ್ದೆಯಿಲ್ಲದೆ ನರಳುವವರಿಗಾಗಿ ವಿಶೇಷ ಪ್ರಾರ್ಥನೆ ಮಾಡೋಣ ಎಂದು ನಾನೇ ಸೂಚಿಸಿದೆ, ಮೇಷ್ಟ್ರಮ್ಮ ಒಪ್ಪಿದರು. ಮಕ್ಕಳಿಗೆ ಪಾಠ ಹೇಳಿ ಹೇಳಿ ಪಳಗಿದ ಗಂಟಲು ಅವರದು. ಅವರು ಒಂದು ಸಾಲು ಎತ್ತಿದರೆ ಬೀದಿಯ ಕೊನೆಗೆ ಕೇಳಬೇಕು. ನಾವೆಲ್ಲ ಕೈ ತಟ್ಟಿ ದನಿಗೂಡಿಸಿದೆವು. ಕಿಟಕಿಯ ಗಾಜು ಝುಮ್ ಎಂದಿತು. ಇಂಥ ಪ್ರಾರ್ಥನೆ ಈಚೆಗೆ ಆಗಿರಲಿಲ್ಲ ಎಂದು ಎಲ್ಲರೂ ಮೆಚ್ಚಿಕೊಂಡು ಎದ್ದರು.

ಅವರು ಹೊರಡುವ ಹೊತ್ತಿಗೆ ಮೇಲಿನವಳು ಬಾಗಿಲಲ್ಲಿ ಬಂದು ನಿಂತಳು. ಕೆದರಿದ ಕೂದಲು, ಕೆಂಪು ಕಣ್ಣು. ಆಂಟಿ, ಗುರುವಾರ ಇದು ಎಷ್ಟು ಹೊತ್ತಿಗೆ ಮುಗಿಯುತ್ತೆ ಎಂದು ಕೇಳಿದಳು. ಪಾಪ, ಅವಳಿಗೂ ಸೇರುವ ಮನಸ್ಸಿದೆಯೆಂದುಕೊಂಡು, ಮುಗಿಯುವ ಹೊತ್ತಿಗಲ್ಲಮ್ಮ, ಶುರುವಾಗುವ ಹೊತ್ತಿಗೇ ಬಾ, ನಿನಗೂ ಒಂದು ಚಾಪೆ ಹಾಸುತ್ತೇನೆ ಅಂದೆ. ಅವಳು ಕಣ್ಣುಜ್ಜಿಕೊಳ್ಳುತ್ತ ಮೇಲೆ ಹೊರಟುಹೋದಳು. ಈ ಕಾಲದವರಿಗೆ ಭಕ್ತಿ ಎಂದರೆ ನಾಚಿಕೆ.

ಆಂಟಿಯಂತೆ. ಅವಳಿಗೆ ಆಂಟಿಯಾಗಲು ನಾನೇನು ಅವಳ ಚಿಕ್ಕಪ್ಪನನ್ನು ಕಟ್ಟಿಕೊಂಡಿದ್ದೇನೆಯೇ?

ಇನ್ನೊಂದು. ಮೇಲಿನ ಕಿಟಕಿಗೆ ಅವಳು ಹಳೆಯ ಬೆಡ್‌ಶೀಟು ಕಟ್ಟಿಕೊಂಡಿದ್ದಾಳೆ. ಕೆಳಗೆ ಪರದೆ ಅಂಗಡಿಯ ಬೋರ್ಡು, ಮೇಲೆ ಬೆಡ್‌ಶೀಟು. ಗಿರಾಕಿಗಳು ಏನೆಂದುಕೊಳ್ಳಬೇಡ?

ಮಾರ್ಚ್ ೧೦, ಸೋಮವಾರ

ಕೋಪ ಇನ್ನೂ ಇಳಿದಿಲ್ಲ. ಬರೆದಾದರೂ ಇಳಿಯಲಿ.

ಬೆಳಗ್ಗೆ ಪರದೆಯ ಪಟ್ಟಿಗಳನ್ನು ಜೋಡಿಸುತ್ತಿದ್ದೆ. ಮೇಲಿನವಳು ಕೆಲಸದಿಂದ ಬಂದವಳು ಮೆಟ್ಟಿಲು ಹತ್ತದೆ ನೇರ ಒಳಗೇ ಬಂದು, ಹಗಲು ಹೊತ್ತು ಮೆಷಿನ್ ಸ್ವಲ್ಪ ನಿಲ್ಲಿಸಲಿಕ್ಕೆ ಆಗುತ್ತದೆಯೇ ಎಂದು ಕೇಳಿದಳು. ನನ್ನ ಮನೆ, ನನ್ನ ಮೆಷಿನ್, ನನ್ನ ಅನ್ನ. ಹಗಲು ಇರುವುದು ದುಡಿಯುವುದಕ್ಕೆ, ಮಲಗುವುದಕ್ಕಲ್ಲ ಅಂದೆ. ಅವಳು ಜಗಳಕ್ಕೆ ನಿಲ್ಲಲಿಲ್ಲ. ವೆಲ್ವೆಟ್ಟಿನ ಸುರುಳಿಯ ಮೇಲೇ ಕುಸಿದು ಕೂತಳು. ಅವಳದು ಹೆರಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಂತೆ, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ವಾರ್ಡಿನಲ್ಲಿ. ಎರಡು ತಿಂಗಳಿಂದ ನರ್ಸ್ ಎಂದಷ್ಟೇ ಗೊತ್ತಿತ್ತು.

"ನೋಡ್ತಾ ಕೂರೋದೇ ನನ್ನ ಕೆಲಸ ಆಂಟಿ. ಅವು ಒಂದೊಂದ್ಸಲ ಉಸಿರಾಡೋದನ್ನೇ ಮರೆತುಬಿಡ್ತವೆ. ಮೆಲ್ಲಗೆ ಪಾದ ಮುಟ್ಟಿದ್ರೆ ನೆನಪಾಗುತ್ತೆ. ಮೊನ್ನೆ ನನ್ನ ಕಣ್ಣು ಮುಚ್ಚಿಹೋಯ್ತು. ಪಕ್ಕದವಳು ನೋಡಿದ್ಲು, ಮಗು ಉಳೀತು. ಇನ್ನೊಂದ್ಸಲ ಹಾಗಾದ್ರೆ ನಾನು ಈ ಕೆಲಸದಲ್ಲಿ ಇರಲ್ಲ."

ನಿನಗಾಗಿ ಪ್ರಾರ್ಥನೆ ಮಾಡುತ್ತೇನೆ ಅಂದೆ. ಅವಳು ಸರಿ ಆಂಟಿ ಎಂದು ಎದ್ದು ಹೋದಳು. ಆ ಸರಿ ಎಂದದ್ದು ನನಗೆ ಸರಿಬರಲಿಲ್ಲ. ಮೆಷಿನ್ನಿಗೆ ಕೂತವಳು ಸಂಜೆಯ ತನಕ ತಲೆ ಎತ್ತಲಿಲ್ಲ. ಊಟವೂ ಸೇರಲಿಲ್ಲ. ಸಂಜೆ ಹೇಳಿದಂತೆಯೇ ಅವಳಿಗಾಗಿ ಪ್ರಾರ್ಥಿಸಿದೆ, ಅದೂ ಎರಡು ಸಲ.

ಮಾರ್ಚ್ ೧೧, ಮಂಗಳವಾರ

ಕೈಯಾರೆ ಕೆಲಸ ಕೆಡಿಸಿಕೊಂಡಿದ್ದೇನೆ. ಬೆಳಗ್ಗೆ ತಮ್ಮ, ನಾನು ಜೋಡಿಸಿದ ಪಟ್ಟಿಗಳನ್ನು ಹಿತ್ತಲ ಗೋಡೆಯ ಮೇಲಿಂದ ಇಳಿಬಿಟ್ಟು ದೂರ ನಿಂತು, ಅಕ್ಕ, ಮಧ್ಯದಲ್ಲಿ ರಾತ್ರಿ ಆಗಿದೆಯಲ್ಲ ಅಂದ. ಹೋಗಿ ನೋಡಿದರೆ ನೀಲಿಯ ನಡುವೆ ಕೆಲವು ಪಟ್ಟಿಗಳು ಕಪ್ಪಗೆ ಕಾಣುತ್ತಿವೆ. ವೆಲ್ವೆಟ್ಟಿಗೆ ಒಂದು ಮುಖ ಇರುತ್ತದೆ: ಮೇಲಿಂದ ಕೆಳಗೆ ಸವರಿದರೆ ನುಣುಪು, ಕೆಳಗಿಂದ ಮೇಲೆ ಸವರಿದರೆ ಒರಟು. ಎಲ್ಲ ಪಟ್ಟಿಯೂ ಒಂದೇ ದಿಕ್ಕಿಗೆ ಇರಬೇಕು, ತಲೆಕೆಳಗಾದದ್ದು ಬೆಳಕಿನಲ್ಲಿ ಕಪ್ಪಾಗಿ ಕಾಣುತ್ತದೆ. ಕೆಲಸ ಕಲಿಯುವವರಿಗೆ ಮೊದಲ ದಿನ ಹೇಳುವ ಮಾತು ಇದು. ನಿನ್ನೆ ಸಿಟ್ಟಿನಲ್ಲಿ ಸವರಿಯೇ ನೋಡಿರಲಿಲ್ಲ.

ಬ್ಲೇಡು ಹಿಡಿದು ಬಿಚ್ಚಲು ಕೂತೆ. ಒಂದೊಂದು ಹೊಲಿಗೆಯನ್ನೂ ಕತ್ತರಿಸಿ, ದಾರ ಎಳೆದು, ಬಟ್ಟೆಯ ನವಿರು ರೋಮ ಕೀಳದಂತೆ ಬಿಡಿಸಬೇಕು. ಮೆಷಿನ್ ಮುಟ್ಟುವ ಮಾತೇ ಇರಲಿಲ್ಲ.

ಮಾರ್ಚ್ ೧೨, ಬುಧವಾರ

ಇವತ್ತೂ ಬಿಚ್ಚುವ ಕೆಲಸವೇ. ಮನೆಯೊಳಗೆ ಇಷ್ಟು ಸದ್ದುಗಳಿವೆಯೆಂದು ಗೊತ್ತೇ ಇರಲಿಲ್ಲ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತದೆ, ನಿಂತು ನಿಂತು. ಕಿಟಕಿಯ ಬೆಳಕು ಮೊದಲು ಬಾಗಿಲ ಹತ್ತಿರದ ವೆಲ್ವೆಟ್ಟಿನ ಮೇಲೆ ಬಿತ್ತು, ಆಮೇಲೆ ನನ್ನ ಮಡಿಲಿಗೆ ಬಂತು, ಮಧ್ಯಾಹ್ನ ಮೆಷಿನ್ನಿನ ಚಕ್ರದ ಮೇಲೆ ಸ್ವಲ್ಪ ಹೊತ್ತು ನಿಂತಿತು. ಅದರ ಜೊತೆಗೇ ನಾನೂ ಎಲ್ಲೋ ಹೋಗಿ ಬಂದೆ. ನೀಲಿ ಬಟ್ಟೆಯ ಮಡಿಕೆಗಳೊಳಗೆ ಅಮ್ಮ ಬೆರಳುದ್ದ ಸೂಜಿ ಹಿಡಿದು ಕೂತಿದ್ದಂತೆ ಅನಿಸಿತು. ನಿದ್ದೆಯಲ್ಲ, ಎಚ್ಚರವೂ ಅಲ್ಲ.

ಸಂಜೆ ಆ ಹುಡುಗಿ ಇಳಿದು ಬಂದಳು. ಮುಖ ತೊಳೆದು ತಲೆ ಬಾಚಿ, ಬೇರೆ ಯಾರೋ ಎನ್ನುವ ಹಾಗಿದ್ದಳು. ನನ್ನ ಎರಡೂ ಕೈ ಹಿಡಿದುಕೊಂಡಳು.

"ನಿನ್ನೆ, ಇವತ್ತು ಎರಡು ದಿನ ನಿದ್ದೆ ಬಂತು ಆಂಟಿ. ನನಗೋಸ್ಕರ ಮೆಷಿನ್ ನಿಲ್ಲಿಸಿದ್ರಿ. ನಾನು ನಿಮ್ಮ ಬಗ್ಗೆ ಏನೇನೋ ಅಂದ್ಕೊಂಡಿದ್ದೆ."

ನಾನು ಹೌದೆನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಕೈಯಲ್ಲಿ ಬ್ಲೇಡು, ಮಡಿಲ ತುಂಬ ಕಿತ್ತ ದಾರ. ಮಾಡದ ಉಪಕಾರಕ್ಕೆ ಕೃತಜ್ಞತೆ ಪಡೆದು ಕೂತಿದ್ದೇನೆ. ಎಂಥ ಫಜೀತಿ. ನಾಳೆ ಯಾವ ಮುಖ ಇಟ್ಟುಕೊಂಡು ಮೆಷಿನ್ ಓಡಿಸಲಿ? ಒಂದೆರಡು ದಿನ ಕೈಹೊಲಿಗೆಯ ಕೆಲಸ ಮುಗಿಸಿಕೊಂಡು, ಅವಳು ಮರೆತ ಮೇಲೆ ಶುರು ಮಾಡಿದರಾಯಿತು.

ಮಾರ್ಚ್ ೧೩, ಗುರುವಾರ

ಗುಂಪು ಬಂತು. ಇವತ್ತೊಂದು ದಿನ ಮೆಲುದನಿಯಲ್ಲಿ ಹೇಳೋಣ, ಮೇಲೆ ನರ್ಸಮ್ಮ ಮಲಗಿದ್ದಾಳೆ ಅಂದೆ. ಮೇಷ್ಟ್ರಮ್ಮ ಕನ್ನಡಕ ತೆಗೆದು ನನ್ನನ್ನು ನೋಡಿದರು. ಅವರು ಕನ್ನಡಕ ತೆಗೆದರೆಂದರೆ ಕೆಟ್ಟಿತೆಂದೇ ಅರ್ಥ.

"ಪ್ರಾರ್ಥನೆಗೂ ಬಾಡಿಗೆದಾರರ ಅಪ್ಪಣೆ ಬೇಕಾ ಇನ್ಮೇಲೆ?"

"ದೇವರಿಗೇನು ಕಿವಿ ಮಂದವಾ ಮೇಷ್ಟ್ರಮ್ಮ?" ಎಂದುಬಿಟ್ಟೆ. ನನ್ನ ನಾಲಿಗೆಗೆ ಬೆಂಕಿ ಹಾಕ.

ಅವರು ಚಾಪೆ ಸುತ್ತಿದರು. ಇನ್ನು ಮೇಲೆ ಅವರ ಮನೆಯಲ್ಲೇ ಸೇರುತ್ತಾರಂತೆ. ಉಳಿದವರು ನನ್ನ ಕಡೆ ಒಮ್ಮೆ, ಅವರ ಕಡೆ ಒಮ್ಮೆ ನೋಡಿ, ಅವರ ಹಿಂದೆಯೇ ಹೋದರು. ಅಮ್ಮನ ಕಾಲದಿಂದ ನಡೆದುಬಂದ ಗುರುವಾರ ಇದು. ನನ್ನ ಕೈಯಲ್ಲಿ ನಿಂತುಹೋಯಿತು. ತುಂಬ ಸಂಕಟವಾಗುತ್ತಿದೆ. ಮೆಟ್ಟಿಲ ಹತ್ತಿರ ಹೋಗಿ ನಿಂತು ಆಲಿಸಿದೆ. ಮೇಲೆ ಏನೂ ಸದ್ದಿಲ್ಲ. ಎದ್ದಿರಲಿಲ್ಲ ಸದ್ಯ.

ಮಾರ್ಚ್ ೧೭, ಸೋಮವಾರ

ಬೆಡ್‌ಶೀಟಿನ ಅವಮಾನ ತಡೆಯಲಾರದೆ ಟೇಪು ಹಿಡಿದು ಮೇಲೆ ಹೋದೆ. ಇದು ಅಂಗಡಿಯ ಮರ್ಯಾದೆಯ ಪ್ರಶ್ನೆ, ದಯೆ ಗಿಯೆ ಏನೂ ಅಲ್ಲ. ಹುಡುಗಿ ಆಗಷ್ಟೇ ಎದ್ದು ಟೀ ಕಾಸುತ್ತಿದ್ದಳು. ಅದು ಅಮ್ಮ ಕೊನೆಯ ವರ್ಷಗಳಲ್ಲಿ ಇದ್ದ ಕೋಣೆ. ಬಾಡಿಗೆಗೆ ಕೊಟ್ಟ ಮೇಲೆ ನಾನು ಕಾಲಿಟ್ಟಿರಲಿಲ್ಲ. ಮಂಚ ಅಲ್ಲೇ ಇದೆ, ಅದೇ ಮೂಲೆಯಲ್ಲಿ. ಬೆಡ್‌ಶೀಟಿನ ತೂತುಗಳಿಂದ ಬೆಳಕು ದಿಂಬಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿದ್ದಿತ್ತು. ಸ್ಟೂಲಿನ ಮೇಲೆ ಒಂದು ಲೋಟ ನೀರು.

ಅಳತೆ ತೆಗೆಯುತ್ತಿರುವಾಗ ಕೆಳಗೆ ತಮ್ಮ ಎಣ್ಣೆ ಬಿಟ್ಟು ಮೆಷಿನ್ ಒಮ್ಮೆ ಓಡಿಸಿ ನೋಡಿದನೆಂದು ಕಾಣುತ್ತದೆ. ಮೊದಲು ಅಂಗಾಲಿಗೆ ಗೊತ್ತಾಯಿತು, ಆಮೇಲೆ ಮೊಣಕಾಲಿಗೆ. ಲೋಟದ ನೀರು ಬಳೆ ಬಳೆಯಾಗಿ ನಡುಗಿತು. ಮಂಚದ ಕಬ್ಬಿಣ ಗುಂಯ್‌ಗುಟ್ಟಿತು. ಅರೆ ನಿಮಿಷವೂ ಇರಲಿಲ್ಲ. ಹುಡುಗಿ ಏನೂ ಆಗದವಳಂತೆ ಟೀ ಸೋಸಿ ಒಂದು ಲೋಟ ನನಗೂ ಕೊಟ್ಟಳು. ನಾನು ಗೋಡೆ ನೋಡುತ್ತ ಕುಡಿದೆ. ಸಕ್ಕರೆ ಜಾಸ್ತಿ ಹಾಕುತ್ತಾಳೆ.

ಆ ಕೂಸುಗಳು ಎಷ್ಟು ದೊಡ್ಡವಿರುತ್ತವೆ ಎಂದು ಕೇಳಿದೆ. ಅವಳು ತನ್ನ ಮೊಣಕೈಯಿಂದ ಮಣಿಕಟ್ಟಿನ ತನಕ ಬೆರಳೆಳೆದು ತೋರಿಸಿದಳು. ದೊಡ್ಡದಾದರೆ ಇಷ್ಟು ಅಂದಳು.

ಮಾರ್ಚ್ ೧೯, ಬುಧವಾರ

ಮೇಲಿನ ಕಿಟಕಿಯ ಪರದೆ ಮುಗಿಯಿತು, ಪೂರ್ತಿ ಕೈಹೊಲಿಗೆ. ಎರಡು ಪದರದ ಅಸ್ತರು, ಅಂಚಿಗೆ ಸೀಸದ ಗುಂಡು ತುಂಬಿದ ಪಟ್ಟಿ, ಗಾಳಿಗೆ ಅಲುಗಬಾರದು. ತಮ್ಮ ಸಂಜೆ ತೂಗುಹಾಕಿ ಬಂದು, ಅಕ್ಕ, ಒಳಗೆ ನನ್ನ ಕೈ ನನಗೇ ಕಾಣಲಿಲ್ಲ ಅಂದ. ಇಂಥ ಪರದೆ ನಾನು ಯಾವ ಶ್ರೀಮಂತರಿಗೂ ಹೊಲಿದುಕೊಟ್ಟಿಲ್ಲ. ಉಳಿದ ಬಟ್ಟೆ, ಸುಮ್ಮನೆ ಬಿದ್ದಿತ್ತು, ಅಷ್ಟೇ.

ಪ್ರಾರ್ಥನೆ ಅವಸರದಲ್ಲಿ ಮುಗಿಸಿದೆ.

ಮಾರ್ಚ್ ೨೧, ಶುಕ್ರವಾರ

ಈಗ ನಮ್ಮ ಮನೆಯಲ್ಲಿ ಎಲ್ಲ ತಲೆಕೆಳಗು. ಹಗಲು ಕತ್ತರಿಸುವುದು, ಗುಂಡುಸೂಜಿ ಚುಚ್ಚುವುದು, ಕಚ್ಚಾ ಹೊಲಿಗೆ. ಹುಡುಗಿ ಸಂಜೆ ಗೇಟು ದಾಟಿದ ಕೂಡಲೇ ಮೆಷಿನ್ ಶುರು, ಅಕ್ಕಪಕ್ಕದವರು ಮಲಗುವ ಹೊತ್ತಿಗೆ ಬಂದ್. ಪ್ರಾರ್ಥನೆಯ ಹೊತ್ತನ್ನು ಮೆಷಿನ್ ತಿಂದುಹಾಕುತ್ತಿದೆ. ನಿನ್ನೆ ಎರಡನೇ ಮಾತಿನ ನಡುವೆ ದಾರ ತುಂಡಾಯಿತು, ಪೋಣಿಸುತ್ತ ಮೂರನೆಯದನ್ನು ಮರೆತೇಬಿಟ್ಟೆ. ಹೀಗೇ ಆದರೆ ಕೊನೆಗೆ ನನ್ನಲ್ಲಿ ಭಕ್ತಿ ಎನ್ನುವುದೇ ಉಳಿಯಲಿಕ್ಕಿಲ್ಲ.

ಮಧ್ಯಾಹ್ನ ತಮ್ಮನೂ ನಾನೂ ಎದುರುಬದುರು ಕೂತು ಒಂದೇ ಅಂಚಿಗೆ ಎರಡು ಕಡೆಯಿಂದ ಹೊಲಿಗೆ ಹಾಕುತ್ತ ಬರುತ್ತಿದ್ದೆವು. ಅವನು ಪಿಸುಗುಟ್ಟಿದ.

"ಅಮ್ಮ ಮಧ್ಯಾಹ್ನ ಮೆಷಿನ್ ಮುಟ್ತಾ ಇರ್ಲಿಲ್ಲ. ನೆನಪಿದ್ಯಾ?"

ನೆನಪಿತ್ತು. ಊಟವಾದ ಮೇಲೆ ಹೂವಿನ ಚಿತ್ರದ ಗವಸು ಹೊದಿಸಿ, ಮೆಷಿನ್ ಮಲಗಿದೆ, ಸದ್ದು ಮಾಡಬೇಡಿ ಎನ್ನುತ್ತಿದ್ದಳು. ನಾವು ನಿಜವೆಂದೇ ನಂಬಿ ಅದರ ಪಕ್ಕ ತುದಿಗಾಲಲ್ಲಿ ನಡೆಯುತ್ತಿದ್ದೆವು. ನಾನಂತೂ ಒಮ್ಮೆ ಗವಸಿಗೆ ಕಿವಿಯಿಟ್ಟು ಅದು ಗೊರಕೆ ಹೊಡೆಯುತ್ತದೆಯೇ ಎಂದು ಕೇಳಿಸಿಕೊಂಡಿದ್ದೇನೆ. ಅಮ್ಮನಿಗೆ ಕೈಹೊಲಿಗೆ ಇಷ್ಟ, ಅದಕ್ಕೇ ಹಾಗೆ ಮಾಡುತ್ತಿದ್ದಳು ಅಂದೆ.

"ಕೈಹೊಲಿಗೆ ಕಂಡ್ರೆ ಆಗ್ತಿರ್ಲಿಲ್ಲ ಅವಳಿಗೆ, ಬೆರಳು ನೋವು ಅಂತಿದ್ಲು. ಆಗ ಮೇಲೆ ಯಾರಿದ್ರು ಹೇಳು?"

ಮೇಲೆ ಆಗ ಒಬ್ಬ ಬಾಡಿಗೆಗಿದ್ದ. ಪತ್ರಿಕೆಯ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವವನು, ಮಸಿಗೈಯವನು ಎಂದು ನಾವು ಕರೆಯುತ್ತಿದ್ದೆವು. ರಾತ್ರಿ ಪಾಳಿ. ಬೆಳಗ್ಗೆ ಪತ್ರಿಕೆ ಹಂಚಿಕೆಗೆ ಹೋದ ಮೇಲೆ ಬರುತ್ತಿದ್ದ, ಮಧ್ಯಾಹ್ನ ಊಟ ಮಾಡಿ ಮಲಗುತ್ತಿದ್ದ.

ಎರಡು ಸೂಜಿಗಳೂ ಬಂದು ಮಧ್ಯದಲ್ಲಿ ಸೇರಿದವು. ಎದ್ದು ಪೆಟ್ಟಿಗೆಯ ತಳದಿಂದ ಆ ಗವಸು ಹುಡುಕಿ ತೆಗೆದೆ. ಹೂವುಗಳ ಬಣ್ಣ ಹೋಗಿದೆ. ಮೆಷಿನ್ನಿಗೆ ಹೊದಿಸಿದೆ, ಧೂಳು ಕೂರದಿರಲಿ ಎಂದು.

ಮಾರ್ಚ್ ೨೭, ಗುರುವಾರ

ಖಾಲಿ ಗುರುವಾರ. ಮೇಷ್ಟ್ರಮ್ಮನ ಮನೆಗೆ ನನ್ನನ್ನು ಯಾರೂ ಕರೆಯಲಿಲ್ಲ. ಕರೆದಿದ್ದರೂ ಹೋಗಲು ಪುರಸೊತ್ತಿರಲಿಲ್ಲ ಎನ್ನಿ. ಹಾಗೆಂದರೂ ಹನ್ನೊಂದು ಗಂಟೆಗೆ ಕಣ್ಣು ತಾನಾಗಿ ಬಾಗಿಲ ಕಡೆ ಹೋಯಿತು.

ರಂಗಮಂದಿರದ ಮ್ಯಾನೇಜರ್ ಫೋನ್ ಮಾಡಿದ. ಎಷ್ಟಾಗಿದೆ ಎಂದ, ಅರ್ಧ ಎಂದೆ. ಇನ್ನೂ ಅರ್ಧವೇ ಎಂದು ಕೂಗಾಡಿ, ಆಗದಿದ್ದರೆ ಈಗಲೇ ಹೇಳಿ, ಉಳಿದದ್ದನ್ನು ಬೇರೆ ಅಂಗಡಿಗೆ ಕೊಡುತ್ತೇನೆ ಅಂದ. ಒಂದೇ ಪರದೆಗೆ ಎರಡು ಅಂಗಡಿಯ ಹೊಲಿಗೆ ಹಾಕಿಸುತ್ತಾನಂತೆ. ಆಮೇಲೆ ನಮ್ಮ ಹತ್ತಿರ ಯಾರು ಬರುತ್ತಾರೆ? ತಮ್ಮನೂ ಹೆದರಿದ. ನಾಲ್ಕು ದಿನ ಹಗಲು ಮೆಷಿನ್ ಓಡಿಸಿಬಿಡೋಣ ಅಕ್ಕ, ಅವಳಿಗೆ ನಾನು ಹೇಳುತ್ತೇನೆ, ಅರ್ಥ ಮಾಡಿಕೊಳ್ಳುತ್ತಾಳೆ ಅಂದ. ಅವಳು ಅರ್ಥ ಮಾಡಿಕೊಳ್ಳುತ್ತಾಳೆ, ಅದೇ ತೊಂದರೆ. ಅರ್ಥ ಮಾಡಿಕೊಂಡು ಮೇಲೆ ಹೋಗಿ ಕಣ್ಣು ಬಿಟ್ಟುಕೊಂಡು ಮಲಗುತ್ತಾಳೆ. ಆಮೇಲೆ ರಾತ್ರಿ ಆ ಮೊಣಕೈಯುದ್ದದ ಜೀವಗಳ ಪಾದ ಮುಟ್ಟುವವರು ಯಾರು?

ಆಗುವುದಿಲ್ಲ ಅಂದೆ. ಯಾಕೆ ಆಗುವುದಿಲ್ಲ ಎಂದು ಕೇಳಿದ. ಮೆಷಿನ್ ಮಲಗಿದೆ, ಎಬ್ಬಿಸುವುದಿಲ್ಲ ಅಂದೆ. ಬಾಯಿಂದ ಹಾಗೇ ಬಂತು. ಅವನು ನನ್ನನ್ನು ಒಂಥರಾ ನೋಡಿ, ಸೂಜಿ ಎತ್ತಿಕೊಂಡ.

ಪ್ರಾರ್ಥನೆ ಇಲ್ಲ ಇವತ್ತು. ಸಿಟ್ಟು, ಭಯ, ಬೆರಳು ನೋವು. ಇಷ್ಟನ್ನು ಇಟ್ಟುಕೊಂಡು ದೇವರ ಮುಂದೆ ಏನು ಕೂರುವುದು.

ಏಪ್ರಿಲ್ ೧, ಮಂಗಳವಾರ

ಹುಡುಗಿಗೆ ಇವತ್ತು ವಾರದ ರಜೆ. ಸಂಜೆ ಕೆಳಗೆ ಬಂದು, ನನಗೂ ಒಂದು ಸೂಜಿ ಕೊಡಿ ಆಂಟಿ ಅಂದಳು. ಆಸ್ಪತ್ರೆಯವಳಲ್ಲವೇ, ಹೊಲಿಗೆ ಸಣ್ಣಗೆ, ಸಮನಾಗಿ ಹಾಕುತ್ತಾಳೆ. ಕೂಸಿನ ಕೈಯಷ್ಟೇ ನಾಜೂಕು ಎಂದು ತಮ್ಮ ಹೊಗಳಿದ, ಅವಳು ಕೂಸಿನ ಕೈ ನೋಡಿದ್ದೀರಾ ಎಂದು ನಕ್ಕಳು.

ನನಗೆ ಆ ಹೊರೆ ಇನ್ನು ಹೊರಲಾಗಲಿಲ್ಲ. ಅವತ್ತು ಮೆಷಿನ್ ನಿಲ್ಲಿಸಿದ್ದು ನಿನಗಾಗಿ ಅಲ್ಲ ಕಣೇ, ಪಟ್ಟಿ ತಲೆಕೆಳಗಾಗಿತ್ತು, ಬಿಚ್ಚುತ್ತಿದ್ದೆ ಅಂದೆ.

"ಗೊತ್ತು ಆಂಟಿ. ನಿಮ್ಮ ತಮ್ಮ ಅವತ್ತೇ ಗೇಟಿನ ಹತ್ರ ಹೇಳಿದ್ರು."

"ಗೊತ್ತಿದ್ದೂ ಬಂದು ಕೈ ಹಿಡ್ಕೊಂಡ್ಯಾ?"

"ಗೊತ್ತಿದ್ದೇ ಹಿಡ್ಕೊಂಡೆ. ಇಲ್ದಿದ್ರೆ ಮರುದಿನ ಶುರು ಮಾಡ್ತಿದ್ರಿ."

ಕಳ್ಳಿ. ಇಪ್ಪತ್ತು ದಿನ ನನ್ನನ್ನು ಸೂಜಿಗೆ ಪೋಣಿಸಿಕೊಂಡು ಆಡಿಸಿದ್ದಾಳೆ. ಬೈಯಬೇಕೆಂದು ಬಾಯಿ ತೆರೆದರೆ ನಗು ಬಂತು, ತಮ್ಮನೆದುರೇ ಬಂತು.

ಆಮೇಲೆ ಏನಾಯಿತೋ ಸರಿಯಾಗಿ ಗೊತ್ತಿಲ್ಲ. ಅವಳು ಪಕ್ಕದಲ್ಲಿ ಕೂತು ಆ ಕೂಸುಗಳ ಕಥೆ ಹೇಳುತ್ತಿದ್ದಳು. ಒಂದಕ್ಕೆ ಬೆರಳು ಕೊಟ್ಟರೆ ಬಿಡುವುದೇ ಇಲ್ಲವಂತೆ, ಮುಷ್ಟಿ ಬಿಡಿಸಲು ಮನಸ್ಸು ಬಾರದೆ ಒಂದೇ ಕೈಯಲ್ಲಿ ಎಲ್ಲ ಕೆಲಸ ಮಾಡುತ್ತಾಳಂತೆ. ನೀಲಿ ಬಟ್ಟೆ ನಮ್ಮಿಬ್ಬರ ಮಡಿಲಿನಿಂದ ಹರಿದು ಬಾಗಿಲ ತನಕ ಹೋಗಿತ್ತು. ಅದರ ಮೇಲೆ ಸಣ್ಣ ಸಣ್ಣ ದೋಣಿಗಳು, ಒಂದೊಂದರಲ್ಲೂ ಒಂದೊಂದು ಮಲಗಿದ ಕೂಸು, ಅಮ್ಮ ದಡದಲ್ಲಿ ನಿಂತು ಸದ್ದು ಮಾಡಬೇಡಿ ಎಂದು ತುಟಿಗೆ ಬೆರಳಿಟ್ಟಿದ್ದಾಳೆ. ಕಣ್ಣು ಬಿಟ್ಟಾಗ ನನ್ನ ಕೈಯ ಸೂಜಿ ಹುಡುಗಿಯ ಕೈಯಲ್ಲಿತ್ತು. ಅವಳು ಪಕ್ಕದಿಂದ ಎದ್ದಿರಲಿಲ್ಲ.

ಏಪ್ರಿಲ್ ೩, ಗುರುವಾರ

ಹನ್ನೊಂದಕ್ಕೆ ಬಾಗಿಲು ತಟ್ಟಿದ ಸದ್ದು, ಬೆರಳ ಗೆಣ್ಣಿನಿಂದ, ಮೆಲ್ಲಗೆ. ತೆರೆದರೆ ಮೇಷ್ಟ್ರಮ್ಮ ಒಬ್ಬರೇ. ಚಪ್ಪಲಿಯನ್ನು ಗೇಟಿನ ಹತ್ತಿರವೇ ಬಿಟ್ಟು ಬಂದಿದ್ದರು. ಅವರ ಮನೆಯಲ್ಲಿ ಸೇರಿದ ಗುಂಪು ಎರಡನೇ ವಾರಕ್ಕೇ ಕರಗಿತಂತೆ, ಯಾರ ದನಿಯೂ ಏರುತ್ತಿಲ್ಲವಂತೆ. ನನ್ನ ಪರದೆ ಹಿಂದೆ ಬಿದ್ದಿರುವ ಸುದ್ದಿ ತಮ್ಮನಿಂದ ತಿಳಿಯಿತಂತೆ. ಇವನೊಬ್ಬ ಊರ ತಮಟೆ.

ಕ್ಷಮೆ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಸೂಜಿ ಕೊಟ್ಟೆ. ಇಬ್ಬರೂ ಕೆಳಗಿನ ಅಂಚು ಹಿಡಿದು ಕೂತೆವು. ಸ್ವಲ್ಪ ಹೊತ್ತಿಗೆ ಅವರ ತುಟಿ ಅಲ್ಲಾಡುವುದು ಕಂಡಿತು. ಪ್ರಾರ್ಥನೆ ಹೇಳುತ್ತಿದ್ದರು, ಒಂದಿಷ್ಟೂ ದನಿಯಿಲ್ಲದೆ. ಆ ಗಂಟಲಿನಿಂದ ಅದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಕತ್ತಿನ ನರ ಉಬ್ಬಿತ್ತು ಪಾಪ.

ಮಧ್ಯಾಹ್ನದ ತನಕ ಹೊಲಿದರು. ಅವರು ಹೋದ ಮೇಲೆ ನೋಡಿದರೆ ಒಂದೊಂದು ಹೊಲಿಗೆಯೂ ಒಂದೊಂದು ದಿಕ್ಕಿಗೆ. ಎಲ್ಲ ಬಿಚ್ಚಿ ಮತ್ತೆ ಹಾಕಿದೆ. ಮುಂದಿನ ಗುರುವಾರವೂ ಬರುತ್ತೇನೆ ಎಂದಿದ್ದಾರೆ, ಬರಲಿ.

ಏಪ್ರಿಲ್ ೭, ಸೋಮವಾರ

ಬೆರಳ ತುದಿ ಮರಗಟ್ಟಿದೆ. ಇನ್ನೊಂದು ಅಂಚು ಬಾಕಿ. ಬರೆಯಲಾರೆ.

ಏಪ್ರಿಲ್ ೯, ಬುಧವಾರ

ಪರದೆ ಏರಿತು.

ತಮ್ಮ ಏಣಿಯ ತುದಿಯಿಂದ ಹಗ್ಗ ಬಿಟ್ಟ. ಅಷ್ಟು ದೊಡ್ಡ ನೀಲಿ ಒಂದೇ ಮೈಯಾಗಿ ಇಳಿಯಿತು, ಎಲ್ಲೂ ಕಪ್ಪಿಲ್ಲ. ಮ್ಯಾನೇಜರ್ ಹತ್ತಿರ ಬಂದು ಅಂಚು ತಿರುವಿ ನೋಡಿ, ಇದೇನು ಕೆಳಗೆಲ್ಲ ಕೈಹೊಲಿಗೆ ಎಂದು ಕೇಳಿದ. ಮೆಷಿನ್ ಮಲಗಿತ್ತು ಅಂದೆ. ಕೆಟ್ಟಿತ್ತು ಎಂದು ತಿಳಿದುಕೊಂಡ, ನಾನೂ ತಿದ್ದಲಿಲ್ಲ. ಎಳೆದು ಮುಚ್ಚಿ ನೋಡಿದರು. ಸದ್ದೇ ಇಲ್ಲ. ಖಾಲಿ ಕುರ್ಚಿಗಳ ಮುಂದೆ ಪರದೆ ಒಂದು ಉಸಿರು ತೆಗೆದುಕೊಂಡು ನಿಂತಿತು.

ಮನೆಗೆ ಬರುವಾಗ ಹುಡುಗಿ ಗೇಟಿನಲ್ಲಿ ಸಿಕ್ಕಳು, ಕೆಲಸಕ್ಕೆ ಹೊರಟಿದ್ದಳು. ಬೆರಳು ಬಿಡದ ಆ ಕೂಸು ಇವತ್ತು ಬೆಳಗ್ಗೆ ತಾಯಿಯ ಮಡಿಲಲ್ಲಿ ಮನೆಗೆ ಹೋಯಿತಂತೆ. ಅವಳ ಕಣ್ಣು ತುಂಬಿತ್ತು. ನನಗೂ ತಡೆಯಲಾಗಲಿಲ್ಲ, ಯಾಕೋ. ಆ ಮಗುವಿನ ಮುಖವನ್ನೂ ನಾನು ನೋಡಿಲ್ಲ.

ಏಪ್ರಿಲ್ ೧೧, ಶುಕ್ರವಾರ

ನಿನ್ನೆ ಒಂದು ಅಚಾತುರ್ಯವಾಯಿತು. ಎಷ್ಟೋ ದಿನದ ಮೇಲೆ ಕೈಯಲ್ಲಿ ಕೆಲಸವಿರಲಿಲ್ಲ, ಇವತ್ತಾದರೂ ಅಮ್ಮನ ಪ್ರಾರ್ಥನೆಯನ್ನು ಮೊದಲಿನಂತೆ ಗಟ್ಟಿಯಾಗಿ, ಮೂರೂ ಮಾತು ಬಿಡಿಸಿ ಹೇಳಬೇಕೆಂದು ಸಂಜೆ ಕಿಟಕಿಯ ಹತ್ತಿರ ಕೂತೆ. ಮೊದಲನೆಯ ಮಾತು ಶುರು ಮಾಡಿದ್ದು ನೆನಪಿದೆ. ಎಚ್ಚರವಾದಾಗ ಬೆಳಗಾಗಿತ್ತು. ಅದೇ ಕುರ್ಚಿಯಲ್ಲಿ, ಕತ್ತು ವಾಲಿಸಿಕೊಂಡು. ಮೈಮೇಲೆ ಮೆಷಿನ್ನಿನ ಹೂವಿನ ಗವಸು.

ಇದನ್ನು ಯಾರು ಹೊದಿಸಿದ್ದು ಎಂದು ತಮ್ಮನನ್ನು ಕೇಳಿದೆ. ಅವನು ಟೀ ಕುಡಿಯುತ್ತ ಹೇಳಿದ.

"ಹುಡುಗಿ. ಕೆಲಸಕ್ಕೆ ಹೊರಟಿದ್ಲು, ಬಾಗಿಲಲ್ಲಿ ನಿನ್ನ ನೋಡಿ ಒಳಗೆ ಬಂದು ಹೊದಿಸಿದ್ಲು. ಆಮೇಲೆ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಹೋದ್ಲು ಅಕ್ಕ. ಗೇಟಿನಾಚೆ ಹೋಗಿ ಹಾಕ್ಕೊಂಡ್ಲು."

ಮೈ ಹಗುರವಾಗಿದೆ. ಆದರೆ ಪ್ರಾರ್ಥನೆ ತಪ್ಪಿತಲ್ಲ ಎಂದು ಮನಸ್ಸಿಗೆ ಕಸಿವಿಸಿ. ಒಂದು ತಿಂಗಳಲ್ಲಿ ಎಷ್ಟು ಕೆಟ್ಟುಹೋಗಿದ್ದೇನೆ ನೋಡಿ. ಅಮ್ಮ ಇದ್ದಿದ್ದರೆ ಏನಂದುಕೊಳ್ಳುತ್ತಿದ್ದಳೋ. ತಪ್ಪಿದ್ದನ್ನು ಈಗಲೇ ಗಟ್ಟಿಯಾಗಿ ಹೇಳಿಬಿಡೋಣ ಎಂದು ಕಿಟಕಿಯ ಹತ್ತಿರ ಕೂತೆ, ಬಾಯನ್ನೂ ತೆರೆದೆ.

ಅಷ್ಟರಲ್ಲಿ ಮೇಲೆ ಪರದೆ ಎಳೆದುಕೊಂಡ ಸದ್ದು. ಈಗಷ್ಟೇ ಬಂದು ಮಲಗಿದಳು. ಬೇಡ, ಸಂಜೆ ಹೇಳಿದರಾಯಿತು.